ಕೈಕೆಲಸಕ್ಕೆ ಬೆಲೆ ಕಟ್ಟಿಸಿದ ಕಮಲಾದೇವಿ

ನಮ್ಮ ಮನೆಯಲ್ಲಿ ಅಮ್ಮಿ ಸೀರೆಗಳ ಮೇಲೆ ಚಿತ್ರ ಬರೆಯುತ್ತಾರೆ. ದಾಂಡೇಲಿಯ ನಮ್ಮ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತು. ಮದುವೆ ಹತ್ತಿರ ಬಂದರೆ ಯಾರಾದರೂ ಒಬ್ಬರು ಸಾದಾ ರೇಷ್ಮೆ ಸೀರೆ ತಂದು ಕೊಡುತ್ತಾರೆ. ಅಮ್ಮಿ ಅದನ್ನು ಮರದ ಚೌಕಟ್ಟಿಗೆ ಬಿಗಿದು, ಪೆನ್ಸಿಲ್‌ನಿಂದ ಗುರುತು ಹಾಕಿ, ಸೆರಗಿಗೆ ಹೂವು, ಅಂಚಿಗೆ ಬಳ್ಳಿ ಬರೆಯುತ್ತಾರೆ. ಅಡುಗೆ ಮುಗಿಸಿ, ಜೊಹರ್ ನಮಾಜ್ ಆದ ಮೇಲೆ ಕೂತರೆ ಅಸರ್ ಕಳೆದು ಬೆಳಕು ಕಡಿಮೆ ಆಗುವ ತನಕ ಏಳುವುದಿಲ್ಲ.

ಈ ವರ್ಷ ವ್ಯವಹಾರ ಅಧ್ಯಯನದ ಪ್ರಾಜೆಕ್ಟ್‌ಗೆ ಮನೆಯ ಸುತ್ತಮುತ್ತಲಿನ ಒಂದು ಸಣ್ಣ ಉದ್ಯೋಗದ ಲೆಕ್ಕ ಬರೆಯಬೇಕಿತ್ತು. ನಾನು ಅಮ್ಮಿಯ ಕೆಲಸವನ್ನೇ ಆರಿಸಿಕೊಂಡೆ. ಒಂದು ಸೀರೆಗೆ ಬಂದದ್ದು 900 ರೂಪಾಯಿ. ಬಣ್ಣ, ಕುಂಚ ಎಲ್ಲ ಸೇರಿ ಖರ್ಚು 250 ರೂಪಾಯಿ. ಉಳಿದ 650 ರೂಪಾಯಿಯನ್ನು ಲಾಭ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ನಮ್ಮ ಉಪನ್ಯಾಸಕರು ಅದನ್ನು ನೋಡಿ, ಕೂಲಿಯ ಕಲಂ ಯಾಕೆ ಖಾಲಿ ಬಿಟ್ಟಿದ್ದೀ ಎಂದು ಕೇಳಿದರು. ಮನೆಗೆ ಬಂದು ಲೆಕ್ಕ ಹಾಕಿದೆ. ದಿನಕ್ಕೆ 4 ಗಂಟೆಯಂತೆ 6 ದಿನ, ಒಟ್ಟು 24 ಗಂಟೆ. 650ನ್ನು 24ರಿಂದ ಭಾಗಿಸಿದರೆ ಗಂಟೆಗೆ ಸುಮಾರು 27 ರೂಪಾಯಿ. ಅದು ಲಾಭವೇ ಅಲ್ಲ, ಕೂಲಿಯೂ ಪೂರ್ತಿ ಸಿಕ್ಕಿರಲಿಲ್ಲ. ಅಮ್ಮಿಗೆ ಹೇಳಿದಾಗ ಅವರು ನಕ್ಕರು. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಯಾರಾದರೂ ಗಂಟೆ ಎಣಿಸುತ್ತಾರೆಯೇ ಎಂಬುದು ಅವರ ಮಾತಿನ ಅರ್ಥ.

ಆ ಗಂಟೆಗಳನ್ನು ದೇಶಕ್ಕೆಲ್ಲ ಎಣಿಸಿ ತೋರಿಸಲು ಹೊರಟ ಒಬ್ಬ ಹೆಂಗಸು ನಮ್ಮ ಕರಾವಳಿಯಲ್ಲೇ ಹುಟ್ಟಿದ್ದರು ಎಂದು ಅದೇ ಉಪನ್ಯಾಸಕರಿಂದ ತಿಳಿಯಿತು. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ. ಹೆಸರು ಬಂಗಾಳಿಯಂತೆ ಕೇಳಿಸಿದರೂ ಅವರು ಮಂಗಳೂರಿನವರು. ಗ್ರಂಥಾಲಯದಲ್ಲಿ ಹುಡುಕಿ ಓದಿದ್ದನ್ನು ಇಲ್ಲಿ ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಮಂಗಳೂರಿನ ಮನೆ

ಕಮಲಾದೇವಿ 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ ಹುಟ್ಟಿದರು. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರದ ದೊಡ್ಡ ಅಧಿಕಾರಿ. ಧಾರೇಶ್ವರ ಎಂಬ ಹೆಸರಿನ ಊರು ನಮ್ಮ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿದೆ. ತಾಯಿ ಗಿರಿಜಾಬಾಯಿ ಓದು ಬರಹ ಬಲ್ಲವರು, ಹೆಂಗಸರ ಕೆಲಸಗಳಲ್ಲಿ ಮುಂದೆ ನಿಲ್ಲುತ್ತಿದ್ದವರು. ಮನೆಗೆ ದೊಡ್ಡ ದೊಡ್ಡ ನಾಯಕರು ಬಂದು ಹೋಗುತ್ತಿದ್ದರು.

ಕಮಲಾದೇವಿಗೆ ಇನ್ನೂ ಏಳು ವರ್ಷದ ಆಸುಪಾಸು ಇರುವಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿಗೂ ಹೆಣ್ಣುಮಕ್ಕಳಿಗೂ ತಿಂಗಳಿಗೆ ಇಷ್ಟು ಎಂದು ಜೀವನಾಂಶ ಕೊಡುವ ಮಾತು ಬಂತು. ಗಿರಿಜಾಬಾಯಿ ಅದನ್ನು ತೆಗೆದುಕೊಳ್ಳಲಿಲ್ಲ. ತವರಿನಿಂದ ತಮಗೆ ಬಂದಿದ್ದರಲ್ಲೇ ಮಕ್ಕಳನ್ನು ಸಾಕಿದರು. ನಾವು ಲೆಕ್ಕಶಾಸ್ತ್ರದಲ್ಲಿ ಬಂಡವಾಳ, ಪಾಲು, ಹಕ್ಕು ಎಂದು ಓದುತ್ತೇವೆ. ಕಮಲಾದೇವಿ ಅದನ್ನು ಏಳನೇ ವಯಸ್ಸಿನಲ್ಲಿ ಮನೆಯಲ್ಲೇ ಕಲಿತರು. ವರ್ಷಗಟ್ಟಲೆ ಮನೆ ನಡೆಸಿದ ಹೆಂಗಸಿನ ದುಡಿಮೆ ಯಾವ ಕಾಗದದಲ್ಲೂ ಇರಲಿಲ್ಲ.

ಆ ಕಾಲದ ರೂಢಿಯಂತೆ 14ನೇ ವಯಸ್ಸಿನಲ್ಲಿ ಮದುವೆ ಆಯಿತು. 16 ತುಂಬುವಷ್ಟರಲ್ಲಿ ಗಂಡ ತೀರಿಕೊಂಡರು. ನಮಗಿಂತ ಒಂದು ವರ್ಷ ಚಿಕ್ಕ ವಯಸ್ಸು! ಅಲ್ಲಿಗೆ ಎಲ್ಲ ಮುಗಿಯಿತು ಎಂದು ಊರು ತಿಳಿಯುವ ಹೊತ್ತಿನಲ್ಲಿ ಅವರು ಓದು ಮುಂದುವರಿಸಿ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜು ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಪರಿಚಯ ಆಯಿತು. ಅವರ ಮೂಲಕ ಕವಿ, ನಾಟಕಕಾರ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯ ಆಗಿ, ಇಬ್ಬರೂ ಮದುವೆಯಾದರು. ವಿಧವೆ ಮತ್ತೆ ಮದುವೆಯಾದದ್ದು, ಅದೂ ಬೇರೆ ಪ್ರಾಂತ್ಯದವರನ್ನು, ಅನೇಕರಿಗೆ ಹಿಡಿಸಲಿಲ್ಲ. ಮುಂದೆ ಆ ಮದುವೆಯೂ ಉಳಿಯಲಿಲ್ಲ. ಮಗ ರಾಮಕೃಷ್ಣನನ್ನು ನೋಡಿಕೊಳ್ಳುತ್ತಲೇ ಅವರು ಸಾರ್ವಜನಿಕ ಕೆಲಸ ಮಾಡಿದರು.

ಷೇರುಪೇಟೆಯಲ್ಲಿ ಉಪ್ಪಿನ ಪೊಟ್ಟಣ

ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಗ ಗಾಂಧೀಜಿಯ ಅಸಹಕಾರ ಚಳವಳಿಯ ಸುದ್ದಿ ತಿಳಿದು, 1923ರಲ್ಲಿ ಭಾರತಕ್ಕೆ ಮರಳಿ ಸೇವಾದಳ ಸೇರಿದರು. 1926ರಲ್ಲಿ ಮದ್ರಾಸ್ ಪ್ರಾಂತ್ಯದ ಶಾಸನಸಭೆಗೆ ಚುನಾವಣೆಗೆ ನಿಂತರು. ಹೆಂಗಸೊಬ್ಬರು ಚುನಾವಣೆಗೆ ನಿಲ್ಲುವುದೇ ಆಗ ಹೊಸತು. ಪ್ರಚಾರಕ್ಕೆ ಕೆಲವೇ ದಿನ ಸಿಕ್ಕಿದ್ದವು. ತೀರ ಕಡಿಮೆ ಮತಗಳಿಂದ ಸೋತರು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನಾ ಕಾರ್ಯದರ್ಶಿಯಾಗಿ ಊರೂರು ತಿರುಗಿದರು.

1930ರ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಗಾಂಧೀಜಿಯ ದಂಡಿ ಯಾತ್ರೆಯಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ. ಕಮಲಾದೇವಿ ಗಾಂಧೀಜಿಯನ್ನು ಕಂಡು ಇದು ಸರಿಯಲ್ಲ ಎಂದು ವಾದಿಸಿದರು. ಕೊನೆಗೆ ಹೆಂಗಸರೂ ಉಪ್ಪಿನ ಕಾನೂನು ಮುರಿಯಲು ಬೀದಿಗೆ ಬಂದರು. ನಮ್ಮ ಜಿಲ್ಲೆಯ ಅಂಕೋಲಾದಲ್ಲಿ ಜನ ಉಪ್ಪು ತಯಾರಿಸಿದ್ದೂ ಅದೇ ವರ್ಷ ಏಪ್ರಿಲ್‌ನಲ್ಲಿ. ಮುಂಬೈಯಲ್ಲಿ ಕಮಲಾದೇವಿ ತಾವು ಮಾಡಿದ ಉಪ್ಪನ್ನು ಪೊಟ್ಟಣ ಕಟ್ಟಿಕೊಂಡು ನೇರವಾಗಿ ಷೇರುಪೇಟೆಯ ಒಳಗೆ ಹೋಗಿ ಮಾರಿದರು. ವಾಣಿಜ್ಯ ವಿಭಾಗದ ನಮಗೆ ಈ ಪ್ರಸಂಗ ಮರೆಯುವಂಥದಲ್ಲ. ಕಂಪನಿಗಳ ಷೇರಿಗೆ ಬೆಲೆ ಕೂಗುವ ಜಾಗದಲ್ಲಿ ಸಾಮಾನ್ಯ ಜನರ ಕೈಯಿಂದಾದ ಒಂದು ಹಿಡಿ ಉಪ್ಪಿಗೆ ಬೆಲೆ ಕೂಗಿಸಿದರು. ಅದಕ್ಕಾಗಿ ಜೈಲಿಗೆ ಹೋದರು, ಸುಮಾರು ಒಂದು ವರ್ಷ ಅಲ್ಲೇ ಕಳೆದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು.

ಸ್ವಾತಂತ್ರ್ಯ ಬಂದ ಮೇಲೆ ದೊಡ್ಡ ಹುದ್ದೆ ಹಿಡಿಯುವ ಅವಕಾಶ ಅವರಿಗಿತ್ತು. ಅವರು ಆ ಕಡೆ ಹೋಗಲಿಲ್ಲ. ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದವರು ದೆಹಲಿಯ ಸುತ್ತ ಡೇರೆಗಳಲ್ಲಿ ಇದ್ದರು. 1948ರಲ್ಲಿ ಕಮಲಾದೇವಿ ಭಾರತೀಯ ಸಹಕಾರ ಒಕ್ಕೂಟ ಕಟ್ಟಿದರು. ಫರಿದಾಬಾದಿನಲ್ಲಿ ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50,000 ನಿರಾಶ್ರಿತರಿಗೆ ಹೊಸ ಊರು ಎದ್ದು ನಿಂತಿತು. ಅದರ ಮನೆಗಳನ್ನು ಕಟ್ಟುವುದರಲ್ಲಿ ಅಲ್ಲಿ ಇರಬೇಕಾದವರೇ ಸಂಘ ಮಾಡಿಕೊಂಡು ಕೈ ಹಾಕಿದರು. ದಾನ ಎಷ್ಟು ಕೊಟ್ಟರೂ ಒಂದು ದಿನ ಮುಗಿಯುತ್ತದೆ, ಕೈಯಲ್ಲಿ ಕೆಲಸ ಇದ್ದರೆ ಊಟವೂ ಇರುತ್ತದೆ, ಮರ್ಯಾದೆಯೂ ಇರುತ್ತದೆ ಎಂಬುದು ಅವರ ದಾರಿ. ತಾಯಿ ಜೀವನಾಂಶ ಬೇಡ ಎಂದದ್ದು ಇಲ್ಲಿ ನೆನಪಾಗುತ್ತದೆ.

ಕಲಂಕಾರಿಯ ಊರಿನಲ್ಲಿ

1952ರಲ್ಲಿ ಸರ್ಕಾರ ಅಖಿಲ ಭಾರತ ಕರಕುಶಲ ಮಂಡಳಿ ರಚಿಸಿತು. ಕಮಲಾದೇವಿ ಅದರ ಅಧ್ಯಕ್ಷರಾಗಿ ಅನೇಕ ವರ್ಷ ಕೆಲಸ ಮಾಡಿದರು. ಅವರು ಸ್ವತಃ ನೇಕಾರರಲ್ಲ, ಚಿತ್ರಗಾರರಲ್ಲ. ಹಳ್ಳಿಹಳ್ಳಿಗೆ ಹೋಗಿ, ಮಾಡುವವರ ಪಕ್ಕದಲ್ಲಿ ಕೂತು, ಯಾವ ಕೆಲಸ ಎಲ್ಲಿ ಉಳಿದಿದೆ, ಎಷ್ಟು ಜನ ಬಲ್ಲವರು ಇದ್ದಾರೆ, ಅವರ ಮಕ್ಕಳು ಯಾಕೆ ಕಲಿಯುತ್ತಿಲ್ಲ ಎಂದು ವಿಚಾರಿಸಿದರು. ಮಕ್ಕಳು ಕಲಿಯದಿರಲು ಕಾರಣ ಹೆಚ್ಚಿನ ಕಡೆ ಒಂದೇ. ಗಿರಣಿಯ ಬಟ್ಟೆ ಅಗ್ಗವಾಗಿ ಸಿಗುತ್ತಿತ್ತು, ಕೈಕೆಲಸ ಮಾಡಿದವನಿಗೆ ಹೊಟ್ಟೆ ತುಂಬುತ್ತಿರಲಿಲ್ಲ.

ಹಾಗೆ ಮುಳುಗುತ್ತಿದ್ದ ಕೆಲಸಗಳಲ್ಲಿ ಕಲಂಕಾರಿಯೂ ಒಂದು. ಮನೆಯಲ್ಲಿ ಉರ್ದು ಆಡುವ ನನಗೆ ಈ ಹೆಸರು ಕೇಳಿದ ಕೂಡಲೇ ಅರ್ಥವಾಯಿತು. ಕಲಮ್ ಎಂದರೆ ಲೇಖನಿ, ಕಾರಿ ಎಂದರೆ ಕೆಲಸ. ಪರ್ಷಿಯನ್ನಿನಿಂದ ಬಂದ ಮಾತು. ಆಂಧ್ರದ ಮಚಲೀಪಟ್ಟಣ ಬಂದರಿನಲ್ಲಿ ಗೋಲ್ಕೊಂಡದ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ವ್ಯಾಪಾರಿಗಳಿಗಾಗಿ ಹೂಬಳ್ಳಿಯ ಬಟ್ಟೆ ತಯಾರಾಗುತ್ತಿತ್ತು. ಅಲ್ಲಿ ಮರದ ಅಚ್ಚಿನ ಕೆಲಸ ಹೆಚ್ಚು. ತಿರುಪತಿ ಹತ್ತಿರದ ಶ್ರೀಕಾಳಹಸ್ತಿಯಲ್ಲಿ ದೇವಸ್ಥಾನಗಳಿಗಾಗಿ ರಾಮಾಯಣ, ಮಹಾಭಾರತದ ಕಥೆಗಳನ್ನು ಬಟ್ಟೆಯ ಮೇಲೆ ಕೈಯಿಂದಲೇ ಬರೆಯುತ್ತಿದ್ದರು. ಎರಡೂ ಕಡೆ ಹೆಸರು ಒಂದೇ.

ಶ್ರೀಕಾಳಹಸ್ತಿಯ ಕೆಲಸದ ಕ್ರಮ ಓದಿದಾಗ ಅಮ್ಮಿಯ 24 ಗಂಟೆ ಕಡಿಮೆ ಎನಿಸಿತು. ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಿ ಒಣಗಿಸುತ್ತಾರೆ. ಹಾಲಿನ ಕೊಬ್ಬಿನಿಂದ ಬಣ್ಣ ಹರಡುವುದಿಲ್ಲ. ಬಿದಿರಿನ ಕಡ್ಡಿಯ ತುದಿಗೆ ಉಣ್ಣೆ ಅಥವಾ ಬಟ್ಟೆ ಸುತ್ತಿದರೆ ಅದೇ ಕಲಮ್. ಅದನ್ನು ಹಿಂಡಿದಂತೆ ಬಣ್ಣ ಇಳಿಯುತ್ತದೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಸಿ ಸೋಸಿದ ನೀರಿನಿಂದ ಗೆರೆ ಎಳೆಯುತ್ತಾರೆ. ಅಳಲೆಯ ಒಗರು ಇರುವ ಬಟ್ಟೆಗೆ ತಾಗಿದ ಕೂಡಲೇ ಆ ನೀರು ಕಪ್ಪಾಗುತ್ತದೆ. ಕೆಂಪು ಬೇಕಾದ ಜಾಗಕ್ಕೆ ಪಟಿಕ, ಅಂದರೆ ನಮ್ಮ ಮನೆಯ ಫಿಟ್ಕರಿಯ ನೀರು ಹಚ್ಚಿ, ಆಮೇಲೆ ಬೇರಿನ ಬಣ್ಣದಲ್ಲಿ ಕುದಿಸುತ್ತಾರೆ. ಪಟಿಕ ಇದ್ದಲ್ಲಿ ಮಾತ್ರ ಕೆಂಪು ಗಟ್ಟಿಯಾಗಿ ನಿಲ್ಲುತ್ತದೆ. ನೀಲಿಗೆ ನೀಲಿಗಿಡ. ನಡುನಡುವೆ ಹರಿಯುವ ನೀರಿನಲ್ಲಿ ಒಗೆಯಬೇಕು, ನಿಂತ ನೀರಿನಲ್ಲಿ ಒಗೆದರೆ ಬಣ್ಣ ಬೇರೆ ಕಡೆ ಅಂಟುತ್ತದೆ. ಅದಕ್ಕೇ ಈ ಕೆಲಸ ಸ್ವರ್ಣಮುಖಿ ನದಿಯ ದಡದಲ್ಲಿ ಬೆಳೆಯಿತು. ಅಳಲೆಕಾಯಿ, ಬಿದಿರು, ಹರಿಯುವ ನೀರು ಮೂರೂ ನಮ್ಮ ಜೋಯಿಡಾ, ದಾಂಡೇಲಿ ಕಾಡಿನಲ್ಲಿ ಇವೆಯಲ್ಲ ಎಂದು ಓದುವಾಗ ಅನ್ನಿಸಿತು.

ಕಮಲಾದೇವಿ ಈ ಊರಿನ ಕೆಲಸದ ಬೆನ್ನಿಗೆ ನಿಂತರು. 1950ರ ದಶಕದಲ್ಲಿ ಕರಕುಶಲ ಮಂಡಳಿ ಶ್ರೀಕಾಳಹಸ್ತಿಯಲ್ಲಿ ತರಬೇತಿ ಕೇಂದ್ರ ತೆರೆಯಿತು. ಕೆಲಸ ಬಲ್ಲ ಹಿರಿಯರು ಗುರುಗಳಾದರು, ಕಲಿಯುವ ಹುಡುಗರಿಗೆ ವಿದ್ಯಾರ್ಥಿವೇತನ ಸಿಕ್ಕಿತು. ಅಲ್ಲಿಂದ ಬಂದವರು ಮತ್ತೆ ಬೇರೆಯವರಿಗೆ ಕಲಿಸಿದರು. ಮೊದಲು ಹತ್ತಿ ಬಟ್ಟೆಯ ಮೇಲೆ ಇದ್ದ ಚಿತ್ರ ಮುಂದೆ ರೇಷ್ಮೆ ಸೀರೆಗೂ ಬಂತು. ಇಂದು ಶ್ರೀಕಾಳಹಸ್ತಿ ಕಲಂಕಾರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ.

ಕಲಿಸಿದರೆ ಸಾಲದು, ಕೊಳ್ಳುವವರೂ ಬೇಕು ಎಂಬುದನ್ನು ಕಮಲಾದೇವಿ ಚೆನ್ನಾಗಿ ತಿಳಿದಿದ್ದರು. ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಅನ್ನು ಸಹಕಾರ ಒಕ್ಕೂಟ ವಹಿಸಿಕೊಂಡು ನಡೆಸಿತು. ಬೆಂಗಳೂರು ಸೇರಿದಂತೆ ದೊಡ್ಡ ಊರುಗಳಲ್ಲಿ ವಿನ್ಯಾಸ ಕೇಂದ್ರಗಳು ಬಂದವು. 1964ರಲ್ಲಿ ಭಾರತೀಯ ಕರಕುಶಲ ಪರಿಷತ್ತು ಆರಂಭವಾಯಿತು. ಅದೇ ವರ್ಷ ಹುಟ್ಟಿದ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪಕರಲ್ಲೂ ಅವರು ಒಬ್ಬರು. ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ 1965ರಲ್ಲಿ ಶುರುವಾಯಿತು. ಕಚ್ಚಾಮಾಲು, ತರಬೇತಿ, ವಿನ್ಯಾಸ, ಅಂಗಡಿ, ಮಾನ್ಯತೆ ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಕೆಲಸ ನಿಲ್ಲುತ್ತದೆ. ನಮ್ಮ ಪಠ್ಯದಲ್ಲಿ ಉತ್ಪಾದನೆ ಒಂದು ಅಧ್ಯಾಯ, ಮಾರುಕಟ್ಟೆ ಇನ್ನೊಂದು ಅಧ್ಯಾಯ. ಅವರು ಎರಡನ್ನೂ ಒಟ್ಟಿಗೆ ಹಿಡಿದರು.

1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. ನಾಟಕ, ಸಂಗೀತದ ಸಂಸ್ಥೆಗಳಿಗೂ ದುಡಿದರು, ಪುಸ್ತಕಗಳನ್ನು ಬರೆದರು. 1988ರ ಅಕ್ಟೋಬರ್ 29ರಂದು ಮುಂಬೈಯಲ್ಲಿ 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೊಳ್ಳುವಾಗ ನೋಡಬೇಕಾದದ್ದು

ಸ್ನೇಹಿತರೇ, ಕಮಲಾದೇವಿ ಉಳಿಸಿದ ಕೆಲಸಕ್ಕೆ ಈಗ ಹೊಸ ತೊಂದರೆ ಬಂದಿದೆ. ಯಂತ್ರದಲ್ಲಿ ಅಚ್ಚು ಹಾಕಿದ ಸೀರೆಯೂ ಕಲಂಕಾರಿ ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಕಡಿಮೆ ಬೆಲೆಗೆ ಅಚ್ಚಿನ ಸೀರೆ ಬೇಕು ಎಂದು ಕೊಂಡರೆ ತಪ್ಪಿಲ್ಲ. ಕೈಕೆಲಸದ ದುಡ್ಡು ಕೊಟ್ಟು ಅಚ್ಚು ತಂದರೆ ಕೊಂಡವರಿಗೂ ನಷ್ಟ, ಮಾಡಿದವರಿಗೂ ನಷ್ಟ. ಅಮ್ಮಿ ನನಗೆ ಗುರುತಿಸಲು ಕಲಿಸಿದ್ದಾರೆ. ಒಂದೇ ಥರದ ಎರಡು ಹೂವು ಹುಡುಕಿ ಪಕ್ಕಪಕ್ಕದಲ್ಲಿ ಇಡಿ. ಮೊದಲ ಹೂವಿನ ದಳದಲ್ಲಿ ಒಂದು ಸಣ್ಣ ತಪ್ಪಿದ್ದು, ಎರಡನೆಯದರಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು ಇದ್ದರೆ ಅದು ಅಚ್ಚು. ಕೈಯಿಂದ ಬರೆದದ್ದರಲ್ಲಿ ಪ್ರತಿ ಸಲ ತಪ್ಪು ಬೇರೆ. ಗೆರೆ ಶುರುವಾಗುವಲ್ಲಿ ದಪ್ಪ, ಮುಗಿಯುವಲ್ಲಿ ಸಣ್ಣ ಇರುತ್ತದೆ. ಶ್ರೀಕಾಳಹಸ್ತಿಯ ಕೆಲಸದಲ್ಲಿ ಬಣ್ಣ ಬಟ್ಟೆಯ ಹಿಂಬದಿಗೂ ಇಳಿದಿರುತ್ತದೆ. ಅಮ್ಮಿ ಬಳಸುವ ಅಂಗಡಿಯ ಬಣ್ಣ ಮೇಲ್ಗಡೆಯೇ ಹೆಚ್ಚು ನಿಲ್ಲುತ್ತದೆ, ಮುಟ್ಟಿದರೆ ಸ್ವಲ್ಪ ಉಬ್ಬು ತಿಳಿಯುತ್ತದೆ.

ರೇಷ್ಮೆ ನಿಜವೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಸಿಲ್ಕ್ ಮಾರ್ಕ್ ಚೀಟಿ ನೋಡಬೇಕು. ಆ ಚೀಟಿ ರೇಷ್ಮೆಗೆ ಮಾತ್ರ ಭರವಸೆ, ಚಿತ್ರ ಕೈಯದು ಎಂಬುದಕ್ಕೆ ಅಲ್ಲ. ಸೆರಗಿನ ತುದಿಯ ಒಂದು ಎಳೆ ಸುಟ್ಟರೆ ನಿಜ ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಉಟ್ಟ ಮೇಲೆ

ಹೋದ ವರ್ಷ ಒಬ್ಬರು ಅಮ್ಮಿ ಬರೆದ ಸೀರೆಯನ್ನು ವಾಷಿಂಗ್ ಮಷಿನ್‌ಗೆ ಹಾಕಿ, ಬಣ್ಣ ಬಿರುಕು ಬಿಟ್ಟಿತೆಂದು ವಾಪಸ್ ತಂದರು. ಅಮ್ಮಿ ಮಾತಾಡದೆ 900 ರೂಪಾಯಿ ಹಿಂದೆ ಕೊಟ್ಟರು. ಆರು ದಿನದ ಕೆಲಸದ ಜೊತೆ ಬಣ್ಣದ 250 ರೂಪಾಯಿಯೂ ಹೋಯಿತು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಹೇಗೆ ನೋಡಿಕೊಳ್ಳಬೇಕೆಂದು ನಾವು ಅವರಿಗೆ ಹೇಳಿರಲೇ ಇಲ್ಲ. ಅದಕ್ಕೇ ಈಗ ಪ್ರತಿ ಸೀರೆಯ ಜೊತೆ ನಾನು ಒಂದು ಚೀಟಿ ಬರೆದು ಇಡುತ್ತೇನೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಉರ್ದು. ಅದರಲ್ಲಿ ಇರುವುದು ಇಷ್ಟು.

ರೇಷ್ಮೆ ನಮ್ಮ ಕೂದಲಿನಂಥದೇ ಎಳೆ, ಖಾರವಾದ ಸಾಬೂನು ಪುಡಿ ಅದನ್ನು ಹಾಳುಮಾಡುತ್ತದೆ. ಸಾಧ್ಯವಾದರೆ ಡ್ರೈಕ್ಲೀನ್ ಮಾಡಿಸಿ. ಮನೆಯಲ್ಲೇ ಒಗೆಯುವುದಾದರೆ ಮೊದಲು ಒಂದು ಮೂಲೆ ಒದ್ದೆ ಮಾಡಿ, ಬಿಳಿ ಬಟ್ಟೆಯಿಂದ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿ. ಬಿಡದಿದ್ದರೆ ಮಾತ್ರ ತಣ್ಣೀರಿನಲ್ಲಿ ಅಂಟುವಾಳದ ನೊರೆ ಹಾಕಿ ಅದೊಂದನ್ನೇ ಒಗೆಯಿರಿ. ಉಜ್ಜಬೇಡಿ, ಹಿಂಡಬೇಡಿ, ನೆರಳಿನಲ್ಲಿ ಒಣಗಿಸಿ. ಇಸ್ತ್ರಿ ಒಳಬದಿಗೆ, ಕಡಿಮೆ ಬಿಸಿಯಲ್ಲಿ, ಮೇಲೆ ತೆಳ್ಳನೆ ಹತ್ತಿ ಬಟ್ಟೆ ಹಾಸಿ. ಅತ್ತರು, ಸೆಂಟು ಮೊದಲು ಹಚ್ಚಿಕೊಂಡು ಒಣಗಿದ ಮೇಲೆ ಸೀರೆ ಉಡಿ. ಉಟ್ಟು ಬಂದ ಕೂಡಲೇ ಮಡಚಬೇಡಿ, ಬೆವರು ಆರುವ ತನಕ ಗಾಳಿಗೆ ಹರಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ತೇವ ನಿಂತು ಬೂಸಲು ಬರುತ್ತದೆ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಸೀರೆ ಅಲ್ಲೇ ಸೀಳುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೈಕೆಲಸ ಕಡಿಮೆ ಇಲ್ಲ. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಮುಂಡಗೋಡದ ಟಿಬೆಟಿಯನ್ನರು ಬಟ್ಟೆಯ ಮೇಲೆ ಬರೆಯುವ ಥಾಂಕಾ ಚಿತ್ರಗಳಿಗೆ ರೇಷ್ಮೆಯ ಅಂಚು ಕಟ್ಟುತ್ತಾರೆ. ಅವರೂ ಫರಿದಾಬಾದಿನವರಂತೆ ನೆಲೆ ಕಳೆದುಕೊಂಡು ಬಂದವರೇ. ಜೋಯಿಡಾದಲ್ಲಿ ಬಿದಿರಿನ ಬುಟ್ಟಿ ಹೆಣೆಯುವವರಿದ್ದಾರೆ. ಇವುಗಳ ಮುಂದೆ ನಿಂತು ಚೌಕಾಸಿ ಮಾಡುವಾಗ ನಾವು ಯಾವ ಕಲಮನ್ನು ಖಾಲಿ ಬಿಡುತ್ತಿದ್ದೇವೆ ಎಂದು ವಾಣಿಜ್ಯ ವಿದ್ಯಾರ್ಥಿಗಳಾದರೂ ನೋಡಬೇಕು.

ನನ್ನ ಪ್ರಾಜೆಕ್ಟನ್ನು ತಿದ್ದಿ ಕೊಟ್ಟೆ. ಲಾಭದ ಜಾಗದಲ್ಲಿ ನಷ್ಟ ಬಂತು. ಅಂಕ ಕಡಿಮೆ ಆಗಲಿಲ್ಲ. ಅಮ್ಮಿ ಈಗ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ದಿನ ಎಷ್ಟು ಗಂಟೆ ಎಂದು ಉರ್ದುವಿನಲ್ಲಿ ಬರೆದಿಡುತ್ತಾರೆ. ಹೋದ ತಿಂಗಳು ಮೂರು ಸೀರೆಗೆ ಹೊಸ ದರ ಹೇಳಿದರು. ಒಬ್ಬರು ದರ ಕೇಳಿ ಸೀರೆ ವಾಪಸ್ ತೆಗೆದುಕೊಂಡು ಹೋದರು. ಇಬ್ಬರು ಕೊಟ್ಟರು.